ಮಗಳಿಗೊಂದು ಪತ್ರ: ಹೊಟ್ಟೆನೋವು ಅಂತ ಸುಳ್ಳು ಹೇಳಿದ್ದು

ಬಂಗಾರಪೇಟೆ
ಬುಧವಾರ ರಾತ್ರಿ

ಚಿನ್ನೂ,

ಭಾನುವಾರ ಫೋನಿನಲ್ಲಿ "ಅಮ್ಮ, ಕೆಳಗೆ ಏನೋ ಗುಳ್ಳೆ ಥರ ಎದ್ದಿದೆ, ಇಲ್ಲಿ ಸ್ಕಿನ್ ಕ್ಲಿನಿಕ್ಕಿನಲ್ಲಿ ನೋಡೋಕೇ 800 ಕೇಳ್ತಾರೆ, ಸಂಬಳ ಆಗ್ಲಿ" ಎಂದು ಒಂದೇ ಉಸಿರಿಗೆ ಹೇಳಿ ಇಟ್ಟುಬಿಟ್ಟೆ. ನಾನು ತಿರುಗಿ ಮಾಡಲಿಲ್ಲ. ಹಾಲ್‌ನಲ್ಲಿ ಅಜ್ಜಿ, ನಿಮ್ಮಪ್ಪ ಇಬ್ಬರೂ ಕೂತಿದ್ದರು. ವಾಟ್ಸಾಪ್ ಮಾಡೋಣವೆಂದರೆ ನನ್ನ ಫೋನು ಅರ್ಧ ದಿನ ನಿನ್ನ ತಮ್ಮನ ಕೈಯಲ್ಲೇ ಇರುತ್ತದೆ. ಅದಕ್ಕೇ ಈ ಕಾಗದ.

ಆಶಾ ಕಾರ್ಯಕರ್ತೆಯಾಗಿ ಕೆಲಸಕ್ಕೆ ಸೇರಿದ ಮೇಲೆ ಎಷ್ಟು ಮನೆಯ ಜಗಲಿ ಮೇಲೆ ಕೂತು ಬಿಳಿ ಹೋಗುವುದು, ಉರಿ, ತುರಿಕೆ ಅಂತ ಮಾತಾಡಿದ್ದೇನೆ. ತರಬೇತಿಯಲ್ಲಿ 'ಯೋನಿ' ಎಂಬ ಪದವನ್ನು ಎಲ್ಲರೆದುರು ಗಟ್ಟಿಯಾಗಿ ಓದಿದ್ದೇನೆ. ನಿನ್ನ ಹತ್ತಿರ ಮಾತ್ರ ಇಪ್ಪತ್ಮೂರು ವರ್ಷ 'ಕೆಳಗೆ', 'ಆ ಜಾಗ' ಅಂತಲೇ ಕಳೆದೆ. ನೀನೂ ಅದೇ ಕಲಿತೆ, ಇನ್ನೇನು ಕಲಿಯುತ್ತೀಯ.

ನೀನು ಎರಡನೇ ಕ್ಲಾಸಿನಲ್ಲಿದ್ದಾಗ ನನಗೂ ಒಂದು ಗಂಟು ಬಂದಿತ್ತು. ಯೋನಿಯ ಬಾಯಿಯ ಎಡಗಡೆ. ಮೊದಲು ಕಡಲೆಕಾಳಿನಷ್ಟಿತ್ತು, ಹತ್ತು ದಿನದಲ್ಲಿ ನಿಂಬೆಹಣ್ಣಿನಷ್ಟಾಯಿತು. ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಹೋಗುತ್ತಿದ್ದೆ. ಯಾರಿಗೂ ಹೇಳದೆ ಅರಿಶಿನ ಹಚ್ಚಿಕೊಂಡೆ. ಕೊನೆಗೆ ಒಂದು ಆಸ್ಪತ್ರೆಗೆ ಹೋದೆ. ಚೀಟಿ ಬರೆಯುವ ಕೌಂಟರಿನಲ್ಲಿ "ಏನಮ್ಮ ತೊಂದರೆ?" ಎಂದು ಕೇಳಿದರು. ನನ್ನ ಹಿಂದೆ ಸಾಲಿನಲ್ಲಿ ನಮ್ಮ ಹಾಲಿನ ಡೈರಿಯವರು. "ಹೊಟ್ಟೆನೋವು" ಅಂದೆ. ಎರಡು ಗಂಟೆ ಬೇರೆ ಸಾಲಿನಲ್ಲಿ ಕೂತೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿ ಗ್ಯಾಸ್ ಮಾತ್ರೆ ಬರೆದುಕೊಟ್ಟರು. ನಾನು ಅದನ್ನು ತಗೊಂಡು ಮನೆಗೆ ಬಂದೆ! ಮಾರನೇ ದಿನ ಜ್ವರ ಬಂತು. ಆಗ ಹೋಗಿ ಲೇಡಿ ಡಾಕ್ಟರಿಗೆ ತೋರಿಸಿದೆ. ಯೋನಿಯ ಬಾಯಿಯ ಎರಡೂ ಕಡೆ ಬಾರ್ಥೊಲಿನ್ ಎಂಬ ಸಣ್ಣ ಗ್ರಂಥಿ ಇರುತ್ತದಂತೆ, ಜಾಗ ಒದ್ದೆಯಾಗಿರಲು. ಅದರ ನಾಳ ಮುಚ್ಚಿಕೊಂಡರೆ ನೀರು ತುಂಬಿ ಊದುತ್ತದೆ, ಸೋಂಕಾದರೆ ಕೀವಾಗುತ್ತದೆ. ಚಿಕ್ಕದಾಗಿ ಕೊಯ್ದು ಕೀವು ತೆಗೆದರು. ಹತ್ತು ನಿಮಿಷದ ಕೆಲಸ ಅದು.

ನಿನ್ನದು ಏನು ಅಂತ ನೋಡದೆ ನಾನು ಹೇಳಲಾರೆ. ಫೋಟೋ ನೋಡಿ ಗೂಗಲ್ಲೂ ಹೇಳಲಾರದು. ಆದರೆ ಒಂದು ಕೇಳುತ್ತೇನೆ, ರೇಜರ್ ಹಾಕಿದ್ದೆಯಾ? ನಿನ್ನ ವಯಸ್ಸಿನವರಲ್ಲಿ ಜಾಸ್ತಿ ನೋಡುವುದು ಅದೇ. ಕೂದಲು ಮತ್ತೆ ಬೆಳೆಯುವಾಗ ಚರ್ಮದೊಳಗೇ ಸುತ್ತಿಕೊಂಡು ಗುಳ್ಳೆ ಏಳುತ್ತದೆ, ಬೇರಿನ ಹತ್ತಿರ ಕೀವಾಗುತ್ತದೆ. ರೇಜರ್ ಬಿಟ್ಟು, ಬಿಗಿ ಲೆಗ್ಗಿಂಗ್ಸ್ ಬಿಟ್ಟು, ಬಿಸಿನೀರಿನ ಬಟ್ಟೆ ಇಟ್ಟರೆ ಎಷ್ಟೋ ಸಲ ಇಳಿಯುತ್ತದೆ. ಹಿಂಡಬೇಡ. ಇನ್ನು ಕೆಲವು ಕಾಯಿಲೆಯೇ ಅಲ್ಲ. ಯೋನಿಯ ತುಟಿಯ ಮೇಲೆ ಸಾಸಿವೆಗಿಂತ ಸಣ್ಣ ಹಳದಿ ಚುಕ್ಕಿ ಇದ್ದರೆ ಅವು ಎಣ್ಣೆ ಗ್ರಂಥಿಗಳು. ಒಳತುಟಿಯಲ್ಲಿ ಎರಡೂ ಕಡೆ ಒಂದೇ ಸಮನಾಗಿ ಮೆತ್ತಗಿನ ಗುಲಾಬಿ ಬಣ್ಣದ ಸಣ್ಣ ಉಬ್ಬುಗಳಿರುವುದೂ ಎಷ್ಟೋ ಹೆಂಗಸರಿಗೆ ಮೈಯ ರೀತಿಯೇ. ಅದನ್ನು ನರಹುಲಿ ಎಂದುಕೊಂಡು ನಿದ್ದೆಗೆಡುವವರಿದ್ದಾರೆ.

ನಿಜವಾದ ನರಹುಲಿಯೂ ಅಲ್ಲಿ ಬರುತ್ತದೆ. ಒರಟು, ಹೂಕೋಸಿನ ಹಾಗೆ. ಎಚ್‌ಪಿವಿ ಎಂಬ ವೈರಸ್ಸಿನಿಂದ. ಹೆಚ್ಚಾಗಿ ಇದನ್ನು ತರುವುದು ಆ ವೈರಸ್ಸಿನ 6 ಮತ್ತು 11 ನಂಬರಿನ ಬಗೆಗಳು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ತರುವ 16, 18 ಬೇರೆ. ವೈರಸ್ ಮೈಸೇರಿ ಎಷ್ಟೋ ತಿಂಗಳಾದ ಮೇಲೂ ಕಾಣಿಸಿಕೊಳ್ಳಬಹುದು, ಹಾಗಾಗಿ ಯಾರಿಂದ, ಯಾವಾಗ ಅಂತ ಲೆಕ್ಕ ಹಾಕಿ ಪ್ರಯೋಜನವಿಲ್ಲ. ಮಧ್ಯದಲ್ಲಿ ಹೊಕ್ಕಳಿನಂಥ ತಗ್ಗಿರುವ ನುಣುಪು ಗುಳ್ಳೆಯಾದರೆ ಅದು ಇನ್ನೊಂದು ವೈರಸ್, ಬೇರೆಯವರ ಟವೆಲ್ಲಿನಿಂದಲೂ ಬರುತ್ತದೆ. ಪಿಜಿಯಲ್ಲಿ ಟವೆಲ್ಲು ರೇಜರ್ ಹಂಚಿಕೊಳ್ಳಬೇಡಿ ಅಂತ ಎಷ್ಟು ಸಲ ಹೇಳಿದ್ದೇನೆ, ಅಲ್ವಾ? ರಾತ್ರಿ ತುರಿಕೆ ಜಾಸ್ತಿಯಾದರೆ ಕಜ್ಜಿ ಇರಬಹುದು. ಗುಂಪಾಗಿ ಎದ್ದು, ಉರಿದು, ಒಡೆಯುವ ನೀರುಗುಳ್ಳೆಯಾದರೆ ಹರ್ಪಿಸ್ ಇರಬಹುದು. ಅದಕ್ಕೆ ಮಾತ್ರೆ ಬೇಗ ಶುರು ಮಾಡಿದಷ್ಟೂ ಒಳ್ಳೆಯದು, ಸಂಬಳದ ತನಕ ಕಾಯುವಂಥದ್ದಲ್ಲ. ನೋವೇ ಇಲ್ಲದ ಹುಣ್ಣನ್ನಂತೂ ಖಂಡಿತ ತೋರಿಸಬೇಕು. ಲೈಂಗಿಕ ಸಂಪರ್ಕದಿಂದ ಬರುವ ಸಿಫಿಲಿಸ್ಸಿನ ಹುಣ್ಣು ತಾನಾಗಿ ಮಾಯುತ್ತದೆ, ಕಾಯಿಲೆ ಒಳಗೇ ಉಳಿಯುತ್ತದೆ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಪೆನಿಸಿಲಿನ್ ಇಂಜೆಕ್ಷನ್ನಿಗೆ ವಾಸಿಯಾಗುತ್ತದೆ.

ನಿನಗೆ ಯಾರಾದರೂ ಇದ್ದಾರಾ ಎಂದು ನಾನು ಕೇಳುವುದಿಲ್ಲ. ಡಾಕ್ಟರು ಕೇಳುತ್ತಾರೆ. ಅವರಿಗೆ ನಿಜ ಹೇಳು. ಬೇಕಾದರೆ ನಾನು ಆಚೆ ಕೂತಿರುತ್ತೇನೆ.

ರೂಮ್‌ಮೇಟ್ ಯಾವುದಾದರೂ ಟ್ಯೂಬ್ ಕೊಟ್ಟಿದ್ದರೆ ಹಚ್ಚಬೇಡ. ಕೆಂಪು, ತುರಿಕೆ ಎಂದರೆ ಸಾಕು, ಮೆಡಿಕಲ್ ಶಾಪಿನವರು ಸ್ಟೆರಾಯ್ಡ್ ಬೆರೆಸಿದ ಕ್ರೀಮ್ ಕೈಗಿಡುತ್ತಾರೆ. ಎರಡು ದಿನ ಹಾಯೆನಿಸುತ್ತದೆ. ಆಮೇಲೆ ಹುಳುಕಡ್ಡಿಯಾಗಿದ್ದರೆ ತೊಡೆಗೆಲ್ಲ ಹರಡುತ್ತದೆ, ಚರ್ಮ ತೆಳ್ಳಗಾಗುತ್ತದೆ. ಡಾಕ್ಟರಿಗೂ ಗುರುತು ಸಿಗದ ಹಾಗೆ ರೂಪವೇ ಬದಲಾಗಿರುತ್ತದೆ. ಸುಣ್ಣ ಸೋಡಾ ಅಂತೂ ಬೇಡವೇ ಬೇಡ. ಅಲ್ಲಿಗೆ ಅದನ್ನಿಟ್ಟು ಸುಟ್ಟುಕೊಂಡವರೊಬ್ಬರನ್ನು ನಾನೇ ಆಟೋದಲ್ಲಿ ಕರೆದುಕೊಂಡು ಹೋಗಿದ್ದೆ.

ಈಗ ದುಡ್ಡಿನ ಮಾತು. 800 ರೂಪಾಯಿ ಬೇಕಿಲ್ಲ. ಸರ್ಕಾರಿ ದೊಡ್ಡಾಸ್ಪತ್ರೆಯಲ್ಲಿ ಚೀಟಿಗೆ ಹತ್ತೋ ಇಪ್ಪತ್ತೋ ರೂಪಾಯಿ. ಜಿಲ್ಲಾಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಎಂದೇ ಇರುತ್ತದೆ. ಇಂಥ ಕಾಯಿಲೆಗಳಿಗೇ ಮೀಸಲು. ಮಾತಾಡಿಸಲು ಕೌನ್ಸೆಲರ್ ಇರುತ್ತಾರೆ, ಔಷಧಿ ಬಿಟ್ಟಿ. ನಮಗೆ ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆ ಇದೆ. ಟಮಕದ ಮೆಡಿಕಲ್ ಕಾಲೇಜಿನಲ್ಲೂ ಚರ್ಮದ ವಿಭಾಗ ಇದೆ. ಅಲ್ಲೇ ಬೆಂಗಳೂರಿನಲ್ಲೇ ತೋರಿಸುತ್ತೀನಿ ಅಂದರೆ ಶಿವಾಜಿನಗರದ ಬೌರಿಂಗ್, ಮಾರ್ಕೆಟ್ ಹತ್ತಿರದ ವಿಕ್ಟೋರಿಯಾ. ಬೆಳಿಗ್ಗೆ ಬೇಗ ಹೋಗಬೇಕು. ಕೌಂಟರಿನಲ್ಲಿ "ಚರ್ಮದ ಡಾಕ್ಟರು" ಎಂದರೆ ಸಾಕು, ಯಾವ ಜಾಗ ಎಂದು ಅಲ್ಲಿ ಹೇಳಬೇಕಿಲ್ಲ. ಗಂಡು ಡಾಕ್ಟರಿದ್ದರೆ ನರ್ಸ್ ಒಬ್ಬರು ಪಕ್ಕದಲ್ಲಿರಲಿ ಎಂದು ಕೇಳು, ಅದರಲ್ಲಿ ತಪ್ಪೇನಿಲ್ಲ. ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ 1097 ಸಹಾಯವಾಣಿಗೆ ಫೋನ್ ಮಾಡು. ದುಡ್ಡು ಹೋಗುವುದಿಲ್ಲ, ಹೆಸರೂ ಹೇಳಬೇಕಿಲ್ಲ. ಹೊರಗೆ ಔಷಧಿ ಬರೆದರೆ ಜನೌಷಧಿ ಅಂಗಡಿಯಲ್ಲಿ ಕೇಳು.

ಜ್ವರ ಬಂದರೆ, ಗಂಟು ದಿನದಿಂದ ದಿನಕ್ಕೆ ಊದಿದರೆ, ಮೂತ್ರ ಮಾಡಲು ಆಗದಿದ್ದರೆ ಈ ಕಾಗದ ಓದುತ್ತಾ ಕೂರದೆ ಅವತ್ತೇ ಹೋಗು.

ಇಲ್ಲವಾದರೆ ಭಾನುವಾರ ಸಂಜೆಯ ಟ್ರೈನಿಗೆ ಬಾ. ಸೋಮವಾರ ಬೆಳಿಗ್ಗೆ ಇಬ್ಬರೂ ಕೋಲಾರಕ್ಕೆ ಹೋಗೋಣ. ಆಧಾರ್ ಕಾರ್ಡ್ ತಗೊಂಡು ಬಾ. ಬರುವ ಮುಂಚೆ ಶೇವ್ ಮಾಡಬೇಡ, ಏನೂ ಹಚ್ಚಬೇಡ, ಇದ್ದದ್ದು ಇದ್ದ ಹಾಗೇ ಕಾಣಬೇಕು. ಅಜ್ಜಿಗೆ, ನಿಮ್ಮಪ್ಪನಿಗೆ ಏನು ಹೇಳುವುದು ಅಂತ ಯೋಚಿಸಬೇಡ. ನಿನಗೆ ಹೊಟ್ಟೆನೋವು ಅಂತ ಹೇಳಿಟ್ಟಿರುತ್ತೇನೆ. ಕೌಂಟರಿನಲ್ಲಿ ಮಾತ್ರ ಹಾಗೆ ಹೇಳಬೇಡ.

ನಿನ್ನ
ಅಮ್ಮ