ಬಾಣಂತಿಯ ಮನಸ್ಸನ್ನೂ ವಿಚಾರಿಸಿ

ಮಾನ್ಯ ಸಂಪಾದಕರೇ,

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕೆಂಬ ನಿಯಮವಿದೆ. ಮಗುವಿನ ತೂಕ ನೋಡುತ್ತಾರೆ, ಥರ್ಮಾಮೀಟರ್ ಇಡುತ್ತಾರೆ, ಹೊಕ್ಕುಳು ಒಣಗಿದೆಯೇ, ಹಾಲು ಸರಿಯಾಗಿ ಕುಡಿಯುತ್ತಿದೆಯೇ ಎಂದು ಬರೆದುಕೊಳ್ಳುತ್ತಾರೆ. ತಾಯಿಯ ಜ್ವರ, ರಕ್ತಸ್ರಾವದ ವಿಚಾರಣೆಯೂ ಆಗುತ್ತದೆ. ಆಕೆಯ ಮನಸ್ಸು ಹೇಗಿದೆ ಎಂದು ಕೇಳುವುದು ಮಾತ್ರ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ತೀರಾ ಅಪರೂಪ.

ಹೆರಿಗೆಯಾಗಿ ಮೂರ್ನಾಲ್ಕು ದಿನಕ್ಕೆ ಸುಮ್ಮಸುಮ್ಮನೆ ಅಳು ಬರುವುದು, ಸಿಡಿಮಿಡಿಗೊಳ್ಳುವುದು ಅರ್ಧಕ್ಕಿಂತ ಹೆಚ್ಚು ಬಾಣಂತಿಯರಲ್ಲಿ ಇದ್ದದ್ದೇ. ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಹೋಗದಿದ್ದರೆ ಖಿನ್ನತೆ ಇರಬಹುದು. ದೇಶದ ಹಲವು ಅಧ್ಯಯನಗಳನ್ನು ಒಟ್ಟುಮಾಡಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಸುಮಾರು ಶೇ 22ರಷ್ಟು ತಾಯಂದಿರಿಗೆ ಇದು ತಗಲುತ್ತದೆ. ಮನೆಯವರು ಒಂದನ್ನು ಗಮನಿಸಿದರೂ ಸಾಕು: ಮಗು ಮಲಗಿದಾಗ ತಾಯಿಗೂ ನಿದ್ದೆ ಹತ್ತುತ್ತಿದೆಯೇ? ಮಗು ಗಾಢವಾಗಿ ಮಲಗಿದ್ದರೂ ಆಕೆ ಸೂರು ನೋಡುತ್ತಾ ಎಚ್ಚರವಾಗಿದ್ದರೆ ಅದನ್ನು ಬರೀ ದಣಿವು ಎಂದು ತಳ್ಳಿಹಾಕಬೇಡಿ. ರಕ್ತಹೀನತೆ, ಥೈರಾಯ್ಡ್ ತೊಂದರೆಯೂ ಇದೇ ರೂಪದಲ್ಲಿ ಬರುವುದರಿಂದ ರಕ್ತಪರೀಕ್ಷೆಯೂ ಆಗಲಿ.

ಖಿನ್ನತೆಯ ಸುಳಿವು ಪತ್ತೆಹಚ್ಚಲು 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಪ್ರಶ್ನಾವಳಿ ಕನ್ನಡದಲ್ಲೂ ಇದೆ. ಕಳೆದ ಏಳು ದಿನ ಹೇಗಿದ್ದಿರಿ ಎಂಬ ಬಗ್ಗೆ ಹತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3 ಅಂಕ. 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಬೇಕು. ರೋಗ ಹೌದೋ ಅಲ್ಲವೋ ಎಂದು ಹೇಳಬೇಕಾದವರು ಅವರೇ. ಹತ್ತನೆಯ ಪ್ರಶ್ನೆ ತನಗೆ ತಾನೇ ಅಪಾಯ ಮಾಡಿಕೊಳ್ಳುವ ಯೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಬೇರೇನು ಬಂದರೂ ಒಟ್ಟು ಅಂಕ ನೋಡುತ್ತ ಕೂರದೆ ಅಂದೇ ವೈದ್ಯರ ಬಳಿ ಕರೆದೊಯ್ಯಬೇಕು.

ಎಡವುವುದು ಕೇಳುವ ರೀತಿಯಲ್ಲಿ. ಅತ್ತೆಯೋ ಅಮ್ಮನೋ ಪಕ್ಕದಲ್ಲಿ ಕೂತಿದ್ದರೆ 'ಚೆನ್ನಾಗೇ ಇದ್ದೀನಕ್ಕ' ಎಂಬ ಉತ್ತರವೇ ಬರುತ್ತದೆ. ಹಿರಿಯರು ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಲು ಎದ್ದು ಹೋದಾಗ ಬಾಣಂತಿಯ ಹತ್ತಿರ ಕೂತು ಒಂದೊಂದೇ ಪ್ರಶ್ನೆ ಓದಬೇಕು. ಹತ್ತು ನಿಮಿಷದ ಕೆಲಸ.

ಇದಕ್ಕಿಂತ ದೊಡ್ಡ ಬಿರುಕು ತವರಿಗೂ ಗಂಡನ ಮನೆಗೂ ನಡುವೆ ಇದೆ. ತಾಯಿ ಕಾರ್ಡ್ ಮಾಡಿಸಿದ್ದು ತುಮಕೂರಿನಲ್ಲಿ, ಬಾಣಂತನ ಪಾವಗಡದ ತವರಿನಲ್ಲಿ. ಮೂರನೆಯದೋ ಐದನೆಯದೋ ತಿಂಗಳಲ್ಲಿ ಮಗುವಿನೊಂದಿಗೆ ವಾಪಸ್. ಅಷ್ಟರಲ್ಲಿ ಆರೂ ಭೇಟಿ ಮುಗಿದಿರುತ್ತವೆ. ಅಮ್ಮನ ಆಸರೆ ತಪ್ಪಿ, ಅಡುಗೆ, ಬಟ್ಟೆ, ರಾತ್ರಿಯ ಎಚ್ಚರ ಎಲ್ಲ ಒಟ್ಟಿಗೆ ಮೈಮೇಲೆ ಬೀಳುವುದು ಆಗಲೇ. ಆದ್ದರಿಂದ 14 ಮತ್ತು 42ನೇ ದಿನದ ಜೊತೆಗೆ, 14ನೇ ವಾರದ ಲಸಿಕೆಯಂದು ಹಾಗೂ ಮಗುವಿನ ಬೆಳವಣಿಗೆ ನೋಡಲು ಆಶಾ ಪ್ರತ್ಯೇಕವಾಗಿ ಮಾಡುವ 3 ಮತ್ತು 6ನೇ ತಿಂಗಳ ಮನೆಭೇಟಿಯಲ್ಲೂ ಇವೇ ಪ್ರಶ್ನೆ ಕೇಳಬೇಕು. ಬಾಣಂತಿ ಹೊರಡುವ ಮುನ್ನ ತವರಿನ ಆಶಾ ಗಂಡನ ಊರಿನ ಆಶಾಗೆ ಫೋನ್ ಮಾಡಿ, ಕಾರ್ಡಿನಲ್ಲಿ ಅಂಕ ಬರೆದು ಕಳಿಸಲಿ. ಗಂಡನಾದವನು ರಾತ್ರಿ ಹತ್ತರಿಂದ ಎರಡರವರೆಗೆ ಮಗುವನ್ನು ತಾನೇ ನೋಡಿಕೊಂಡು, ಹಾಲೂಡಿಸಲು ಮಾತ್ರ ಆಕೆಯನ್ನು ಎಬ್ಬಿಸಿದರೂ ದೊಡ್ಡ ಉಪಕಾರ.

ಊರಲ್ಲಿ ಬಾಣಂತಿ ಸನ್ನಿ ಎನ್ನುವುದು ಬೇರೆ, ಅದು ತುರ್ತು. ಸಾವಿರ ಹೆರಿಗೆಗೆ ಒಂದೆರಡು ಮಾತ್ರ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ನಿದ್ದೆಯೇ ಇಲ್ಲದಿರುವುದು, ತಾಳಮೇಳವಿಲ್ಲದ ಮಾತು, 'ಇದು ನನ್ನ ಮಗುವಲ್ಲ' ಎಂಬ ಅನುಮಾನ ಕಂಡರೆ ತಾಯಿ–ಮಗುವನ್ನು ಒಂಟಿಯಾಗಿ ಬಿಡದೆ ಅದೇ ದಿನ ಜಿಲ್ಲಾಸ್ಪತ್ರೆಗೆ ಕರೆತನ್ನಿ. ತಾಯತ ಕಟ್ಟಿಸುವುದಿದ್ದರೆ ಆಮೇಲೆ ಕಟ್ಟಿಸಿ.

ಖಿನ್ನತೆಗೆ ಮಾತ್ರೆ ಬೇಕಾದರೂ ಎದೆಹಾಲು ಬಿಡಿಸಬೇಕಾಗುವುದು ಕಡಿಮೆ. ಹಾಲಿಗೆ ಬಹಳ ಕಡಿಮೆ ಸೇರುವ ಔಷಧಗಳಿವೆ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ತಾಯಿ ಕಾರ್ಡಿನ ಮೇಲೆ ಅಂಟಿಸಲು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಎಷ್ಟು ಖರ್ಚಾದೀತು?

ಆರೂ ಭೇಟಿ ಮುಗಿಸಿದ ಆಶಾಗೆ ಕೇಂದ್ರದ ಪ್ರೋತ್ಸಾಹಧನ 250 ರೂಪಾಯಿ. ಈ ಕೆಲಸವನ್ನೂ ಅದರೊಳಗೇ ತುರುಕುವುದು ಅನ್ಯಾಯ. ಪ್ರತ್ಯೇಕ ತರಬೇತಿ, ಪ್ರತ್ಯೇಕ ಹಣ ಕೊಟ್ಟು, ಜಿಲ್ಲಾಸ್ಪತ್ರೆಗೆ ಬಲು ದೂರವಿರುವ ಪಾವಗಡದಿಂದಲೇ ಶುರುಮಾಡಲಿ.

— ತಾಯಿ–ಮಕ್ಕಳ ಆರೋಗ್ಯ ಕಾರ್ಯಕರ್ತೆಯರು, ಮಧುಗಿರಿ