ಒಣಸಿಗಡಿಯ ಗಂಟು

ಮಗಳೇ,

ನೀನು ಮಲಗಿದ್ದೀಯ. ನಾಳೆ ಈ ಹೊತ್ತಿಗೆ ನಾವು ಡೊಂಬಿವಲಿ ಬಿಟ್ಟು ವಿಮಾನ ನಿಲ್ದಾಣದ ದಾರಿಯಲ್ಲಿರುತ್ತೇವೆ. ಸಂಜೆ ಚೀಲ ತೂಗುವಾಗ ಆದದ್ದನ್ನು ಮತ್ತೆ ಬರೆಯುವುದಿಲ್ಲ. ನಾನು ಹಾಗೆ ಕೂಗಾಡಬಾರದಿತ್ತು, ಅದೂ ಹೊರಡುವ ಮಗಳ ಮೇಲೆ. ಅರ್ಧ ಕಿಲೋ ಒಣಸಿಗಡಿ ಚಟ್ನಿಪುಡಿಗೆ ಅಪ್ಪ ಇಷ್ಟು ಹಠ ಯಾಕೆ ಹಿಡಿದರು ಎಂದು ನಿನಗೆ ಅನ್ನಿಸಿರಬೇಕು. ಕಾರಣವಿದೆ. ನಿನ್ನ ಅಮ್ಮನಿಗೂ ಅದನ್ನು ಹೇಳಿಲ್ಲ.

1984ರ ಮೇ ತಿಂಗಳು. ನನಗೆ 13 ವರ್ಷ. ನಿನಗೆ ಊರಿನ ದಾರಿಯೆಂದರೆ ಮತ್ಸ್ಯಗಂಧ ರೈಲಿನ ಕಿಟಕಿ ಮತ್ತು ಸಾಲು ಸುರಂಗಗಳು. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಹೋಟೆಲ್ ಕೆಲಸಕ್ಕೆಂದು ನಾನು ನಮ್ಮೂರು ಗಂಗೊಳ್ಳಿ ಬಿಟ್ಟಾಗ ಕುಂದಾಪುರದಲ್ಲಿ ಬಸ್ ಹತ್ತಬೇಕಿತ್ತು. ಘಟ್ಟ ಹತ್ತಿ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ ದಾಟಿ ಮುಂಬಯಿ ಸೇರಲು ಒಂದಿಡೀ ಹಗಲು, ಒಂದಿಡೀ ರಾತ್ರಿ.

ಹಿಂದಿನ ರಾತ್ರಿ ನಿನ್ನ ಅಜ್ಜಿ ಮಲಗಲಿಲ್ಲ. ಮೀನಿನ ಬುಟ್ಟಿ ಹೊತ್ತು ದಿನವಿಡೀ ತಿರುಗಿ ಬಂದವಳು ಒಲೆಯ ಮುಂದೆ ಕುಳಿತು ಸಿಗಡಿ ಹುರಿದಳು. ತಲೆ, ಬಾಲ ಒಂದೊಂದಾಗಿ ಚಿವುಟಿ ತೆಗೆದು, ಕಾಯಿತುರಿಯನ್ನು ಕೆಂಪಗೆ ಹುರಿದು, ಒಣಮೆಣಸು, ಹುಣಸೆಹಣ್ಣು ಸೇರಿಸಿ ಕಲ್ಲಿನಲ್ಲಿ ಕುಟ್ಟಿದಳು. ಡಬ್ಬಿ ಇರಲಿಲ್ಲ. ತನ್ನ ಹಳೆಯ ಸೀರೆಯ ಹಸಿರು ಅಂಚು ಹರಿದು ಗಂಟು ಕಟ್ಟಿದಳು. ಬಿಚ್ಚಲು ಹಲ್ಲು ಹಾಕಬೇಕು, ಅಷ್ಟು ಬಿಗಿ.

ಬಸ್ಸಿನಲ್ಲಿ ಸೆಕೆಗೆ ಅದು ವಾಸನೆ ಬಿಟ್ಟಿತು. ಯಲ್ಲಾಪುರ ದಾಟುವಷ್ಟರಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರು. ಹಿಂದಿನ ಸೀಟಿನವರು, ಯಾರದು ಈ ನಾತ ಎಂದು ಕೇಳಿದರು. ನಾನು ಗಂಟನ್ನು ಕಾಲಡಿಗೆ ಸರಿಸಿ, ನನ್ನದಲ್ಲ ಎಂಬಂತೆ ಹೊರಗೆ ನೋಡಿದೆ. ಬೆಳಗಾವಿ ದಾಟಿದ ಮೇಲೆ ಊಟಕ್ಕೆ ಬಸ್ ನಿಂತಿತು. ಅಂಗಿಯೊಳಗೆ ಗಂಟು ಅವಿತಿಟ್ಟುಕೊಂಡು ಇಳಿದೆ, ಹೋಟೆಲಿನ ಹಿಂದಿನ ಮರದ ಬುಡದಲ್ಲಿ ಬಿಟ್ಟು ಬಂದೆ. ಎಸೆದೆ ಎನ್ನಲು ಈಗಲೂ ಬಾಯಿ ಬರುವುದಿಲ್ಲ. ಎಸೆದದ್ದೇ ಅದು. ಬಸ್ ಹೊರಟಾಗ ದೀಪದ ಬೆಳಕಿನಲ್ಲಿ ಕಂಡಿತು, ನಾಯಿಯೊಂದು ಆ ಗಂಟನ್ನು ಕಾಲಿನಡಿ ಒತ್ತಿ ಹಿಡಿದು ಹಸಿರು ಅಂಚನ್ನು ಹಲ್ಲಿನಿಂದ ಎಳೆಯುತ್ತಿತ್ತು.

ಮುಂಬಯಿ ಮುಟ್ಟಿ ವಾರಕ್ಕೆ ಅಮ್ಮನಿಗೆ ಇನ್ಲೆಂಡ್ ಪತ್ರ ಹಾಕಿದೆ. ಪುಡಿ ಬಹಳ ಚೆನ್ನಾಗಿತ್ತು, ಹೋಟೆಲಿನ ಹುಡುಗರೆಲ್ಲ ತಿಂದರು ಎಂದು ಬರೆದೆ. ಓದು ಬಾರದ ಅವಳಿಗೆ ಪಕ್ಕದ ಮನೆಯವರು ಓದಿ ಹೇಳಿದರಂತೆ. ಅಂದಿನಿಂದ ಊರಿನಿಂದ ಮುಂಬಯಿಗೆ ಯಾರೇ ಹೊರಟರೂ ಅವರ ಕೈಯಲ್ಲಿ ಒಂದು ಗಂಟು. ಹುಡುಗರೆಲ್ಲ ತಿನ್ನುತ್ತಾರೆ ಎಂದು ಎರಡು ಪಾಲು ಹೆಚ್ಚಿಗೆ. ಅವನ್ನೆಲ್ಲ ತಿಂದೆ, ಒಂದು ಚೂರೂ ಬಿಡದೆ. ಆದರೆ ಮೊದಲನೆಯದರ ಮಾತು ಅವಳು ಇರುವತನಕ ನನ್ನ ಬಾಯಿಂದ ಬರಲಿಲ್ಲ. ಪ್ರತಿ ರಜೆಗೆ ಹೋದಾಗಲೂ ಈ ಸಲ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಅವಳು ಬಡಿಸುತ್ತಿದ್ದಳು, ನಾನು ಉಣ್ಣುತ್ತಿದ್ದೆ.

ಇಂದು ನೀನು ಪೊಟ್ಟಣ ಹೊರಗೆ ತೆಗೆದು, ಹಾಸ್ಟೆಲಿನಲ್ಲಿ ವಾಸನೆ ಬರುತ್ತದೆ ಅಪ್ಪ ಎಂದೆಯಲ್ಲ, ನನಗೆ ನೀನು ಕಾಣಲಿಲ್ಲ. ಆ ನಾಯಿ ಕಂಡಿತು. ನನ್ನ ಸಿಟ್ಟು ನಿನ್ನ ಮೇಲಿನದಲ್ಲ.

ಬುದ್ಧಿ ಹೇಳುವುದಿಲ್ಲ ಎಂದುಕೊಂಡೇ ಬರೆಯಲು ಕುಳಿತೆ. ಆದರೂ ನೀನು ಓದಲು ಹೊರಟಿರುವ ನಾರ್ವೆಯ ಟ್ರೊಮ್ಸೊ ಎಂದರೆ ಎದೆ ಹೊಡೆದುಕೊಳ್ಳುತ್ತದೆ. ಆರ್ಕ್ಟಿಕ್ ವೃತ್ತಕ್ಕಿಂತಲೂ ಮೇಲಿನ ಊರು. ನವೆಂಬರ್ ಕೊನೆಗೆ ಮುಳುಗಿದ ಸೂರ್ಯ ಜನವರಿ ನಡುವಿನ ತನಕ ಹುಟ್ಟುವುದಿಲ್ಲ. ಬೆಚ್ಚಗಿನ ಪ್ರವಾಹ ಹರಿದು ಬರುವುದರಿಂದ ಅಲ್ಲಿನ ಕಡಲು ಹೆಪ್ಪುಗಟ್ಟುವುದಿಲ್ಲ ಎಂದು ನೀನು ಹೇಳಿದ್ದು ಸಮಾಧಾನವೇ, ಆದರೆ ನೀನಿರುವುದು ಕಡಲಿನಲ್ಲಲ್ಲ. ಆ ಕತ್ತಲಿನ ದಿನಗಳಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಕೂರಬೇಡ. ನಡು ಮಧ್ಯಾಹ್ನ ಸ್ವಲ್ಪ ಹೊತ್ತು ಮಸುಕು ಬೆಳಕು ಇರುತ್ತದಂತೆ, ಆಗ ಹೊರಗೆ ನಡೆ. ಹೊತ್ತು ಹೊತ್ತಿಗೆ ಉಣ್ಣು. ಅಲ್ಲಿನವರ ಭಾಷೆ ಕಲಿ. ನಾನು ಮರಾಠಿ ಕಲಿತದ್ದು ತಟ್ಟೆ ತೊಳೆಯುತ್ತಲೇ, ಕನ್ನಡದ ಪರೀಕ್ಷೆ ಕಟ್ಟಿದ್ದು ರಾತ್ರಿ ಶಾಲೆಯಲ್ಲಿ ತೂಕಡಿಸುತ್ತಲೇ. ಇದು ನಿನಗೆ ನೂರು ಸಲ ಹೇಳಿದ ಕಥೆ, ಬಿಡು.

ಮೀನು ಹಿಡಿದವರ, ತಲೆಯ ಮೇಲೆ ಹೊತ್ತು ಮಾರಿದವರ ಮನೆಯಲ್ಲಿ ಮೀನನ್ನು ಓದಲು ಹೊರಟವಳು ನೀನು ಮೊದಲಿಗಳು. ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್ ಒಂದರಿಂದ ಊರಿನ ದೋಣಿಗಳೂ ಕಡಲಿಗೆ ಇಳಿದಿವೆ. ನೀನೂ ಈಗಲೇ ಹೊರಟಿದ್ದೀಯ. ಅಜ್ಜಿ ಇದ್ದಿದ್ದರೆ ಓಣಿಯ ತುಂಬ ಹೇಳಿಕೊಂಡು ಬರುತ್ತಿದ್ದಳು. ಲೋಫೋಟೆನ್ ದ್ವೀಪಗಳಲ್ಲಿ ಕಾಡ್ ಮೀನನ್ನು ಉಪ್ಪು ಹಾಕದೆ ಮರದ ಚಪ್ಪರಕ್ಕೆ ತೂಗುಹಾಕಿ ಚಳಿಗಾಳಿಗೆ ಒಣಗಿಸುವ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆಯಲ್ಲ, ಆಗಲೂ ನನಗೆ ಅವಳದೇ ನೆನಪು. ಅಷ್ಟೊಂದು ಒಣಮೀನು ಕಂಡಿದ್ದರೆ ಬೆಲೆ ಕೇಳದೆ ಬಿಡುತ್ತಿರಲಿಲ್ಲ.

ತುಪ್ಪದ ಡಬ್ಬಿ ತೆಗೆದಿಟ್ಟಿದ್ದೇನೆ, ಹಾಲಿನ ಪದಾರ್ಥ ಒಯ್ಯುವಂತಿಲ್ಲ ಎಂದು ನೀನು ಹೇಳಿದ್ದೆಯಲ್ಲ. ಸಿಗಡಿ ಪುಡಿಯನ್ನು ಮತ್ತೆ ಚೀಲಕ್ಕೆ ಹಾಕಿಲ್ಲ. ಈ ಕಾಗದದ ಪಕ್ಕದಲ್ಲೇ ಇದೆ. ಬೇಕೆನಿಸಿದರೆ ತೆಗೆದುಕೋ. ಓಸ್ಲೋದಲ್ಲಿ ವಿಮಾನ ಬದಲಿಸುವಾಗ ಕಸದ ಬುಟ್ಟಿಗೆ ಹಾಕಿದರೂ ನನಗೆ ಬೇಸರವಿಲ್ಲ. ಹಾಕಿದರೆ ಹಾಕಿದೆ ಎಂದೇ ಹೇಳು ಮಗಳೇ. ಚೆನ್ನಾಗಿತ್ತು ಎಂದು ಬರೆಯಬೇಡ.

ನಿನ್ನ
ಅಪ್ಪ