ಹಳೆಯ ಲ್ಯಾಪ್‌ಟಾಪ್ ವಿಪರೀತ ಬಿಸಿಯಾಗುವ ದೋಷವನ್ನು ಸರಿಯಾಗಿ ರಿಪೇರಿ ಮಾಡದ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಥರ್ಮಲ್ ಪ್ಯಾಡ್ (ಬಿಡಿಭಾಗಗಳ ಶಾಖ ದಾಟಿಸುವ ಮೆತ್ತನೆಯ ಪಟ್ಟಿ) ತಪ್ಪು ದಪ್ಪದ್ದು ಹಾಕಿ, ದೋಷವನ್ನು ಮದರ್‌ಬೋರ್ಡ್ ಮೇಲೆ ಹೊರಿಸಿರುವ ಬಗ್ಗೆ

ಮಾನ್ಯರೇ,

ವಾರಂಟಿ ಮುಗಿದ ನಮ್ಮ ಲ್ಯಾಪ್‌ಟಾಪ್ ವಿಪರೀತ ಬಿಸಿಯಾಗುತ್ತಿದೆ ಎಂದು ತಮ್ಮ ಸೇವಾ ಕೇಂದ್ರಕ್ಕೆ ಕೊಟ್ಟಿದ್ದೆವು. ಫ್ಯಾನ್ ಸ್ವಚ್ಛ ಮಾಡಿ, ಥರ್ಮಲ್ ಪೇಸ್ಟ್ ಮತ್ತು ಥರ್ಮಲ್ ಪ್ಯಾಡ್ ಬದಲಿಸಿದ್ದೇವೆಂದು ಬಿಲ್ ಹಾಕಿ ವಾಪಸ್ ಕೊಟ್ಟರು. ಬಿಸಿ ಕಡಿಮೆಯಾಗಿಲ್ಲ, ಮೊದಲಿಗಿಂತ ಹೆಚ್ಚಾಗಿದೆ. ಮತ್ತೆ ತೋರಿಸಿದಾಗ "ಹಳೇ ಮಾಡೆಲ್, ಮದರ್‌ಬೋರ್ಡ್ ಹೋಗಿದೆ, ಬದಲಿಸಬೇಕು" ಎಂಬ ಉತ್ತರ ಬಂತು. ಮದರ್‌ಬೋರ್ಡ್ ಸರಿಯಾಗಿಯೇ ಇದೆ, ಕೆಟ್ಟಿರುವುದು ಸರ್ವಿಸ್. ಯಾಕೆ ಹೀಗೆ ಹೇಳುತ್ತಿದ್ದೇವೆ ಎಂಬುದನ್ನು ವಿವರವಾಗಿ ಬರೆದಿದ್ದೇವೆ. ದಯವಿಟ್ಟು ಇದನ್ನು ತಾಂತ್ರಿಕ ವಿಭಾಗದವರಿಗೆ ತಲುಪಿಸಿ.

ಯಂತ್ರ ಕೈಗೆ ಬಂದಾಗ ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿ 100ರ ಬದಲು 70 ಪರ್ಸೆಂಟ್ ಆಗಿತ್ತು. ಬಿಲ್ಲಿನಲ್ಲಿ ಇದರ ಸುಳಿವೇ ಇಲ್ಲ. 99ಕ್ಕೆ ಇಳಿಸಿದರೇ ಟರ್ಬೊ ವೇಗ (ಬೇಕಾದಾಗ ಮೂಲ ವೇಗಕ್ಕಿಂತ ಮೇಲೇರುವ ವೇಗ) ನಿಂತುಹೋಗುತ್ತದೆ, ಇನ್ನು 70 ಎಂದರೆ ಮೂಲ ವೇಗವೂ ಸಿಗುವುದಿಲ್ಲ. ಕೌಂಟರಿನಲ್ಲಿ ಆನ್ ಮಾಡಿ ತೋರಿಸಿದಾಗ ತಣ್ಣಗಿದ್ದುದರ ಗುಟ್ಟು ಇಷ್ಟೇ. ಗ್ರಾಹಕರಿಗೆ ತಿಳಿಸಿ, ತಾತ್ಕಾಲಿಕ ಉಪಾಯವೆಂದು ಹೀಗೆ ಮಾಡಿದರೆ ತಕರಾರಿಲ್ಲ. ಹೇಳದೆ ಮಾಡಿ ರಿಪೇರಿಯ ದುಡ್ಡು ತೆಗೆದುಕೊಂಡರೆ ಅದು ಮೋಸವೇ.

ಆ ಸೆಟ್ಟಿಂಗ್ ಸರಿಪಡಿಸಿ, ಪ್ರೊಸೆಸರ್ ಮೇಲೆ ಪೂರ್ತಿ ಲೋಡ್ (ಕೆಲಸದ ಒತ್ತಡ) ಹಾಕಿ ಅಳೆದೆವು. ಸುಮ್ಮನಿದ್ದಾಗ 54 ಡಿಗ್ರಿ ಸೆಲ್ಸಿಯಸ್. ಲೋಡ್ ಬಿದ್ದ ನಾಲ್ಕೈದು ಸೆಕೆಂಡಿನಲ್ಲೇ 98. ಕೂಡಲೇ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗವನ್ನು 2.4 ಗಿಗಾಹರ್ಟ್ಸ್‌ನಿಂದ 800 ಮೆಗಾಹರ್ಟ್ಸ್‌ಗೆ ಇಳಿಸುತ್ತದೆ, ಮೌಸ್ ಕೂಡ ತಡೆದು ತಡೆದು ಚಲಿಸುತ್ತದೆ. ಲೋಡ್ ತೆಗೆದರೆ ಉಷ್ಣತೆ ಅಷ್ಟೇ ಬೇಗ 60ರ ಆಸುಪಾಸಿಗೆ ಬೀಳುತ್ತದೆ.

ದೋಷ ಎಲ್ಲಿದೆ ಎಂಬುದು ಈ ಏರಿಳಿತದಲ್ಲೇ ಗೊತ್ತಾಗಬೇಕಿತ್ತು. ಬರೀ ಧೂಳು ಕಟ್ಟಿದ್ದರೆ ಉಷ್ಣತೆ ಕೆಲವು ನಿಮಿಷ ಹಿಡಿದು ನಿಧಾನವಾಗಿ ಏರುತ್ತದೆ. ಹೀಟ್‌ಸಿಂಕಿನ (ಚಿಪ್‌ನ ಶಾಖ ಹೀರಿ ಫ್ಯಾನಿನ ಗಾಳಿಗೆ ಬಿಡುವ ಲೋಹದ ಭಾಗದ) ತಾಮ್ರವೆಲ್ಲ ಕಾದಿರುವುದರಿಂದ ಇಳಿಯುವುದೂ ನಿಧಾನ. ಸೆಕೆಂಡುಗಳಲ್ಲಿ ಜಿಗಿಯುತ್ತಿದೆ ಎಂದರೆ ಚಿಪ್‌ನ ಶಾಖ ಹೀಟ್‌ಸಿಂಕಿಗೆ ಸರಿಯಾಗಿ ದಾಟುತ್ತಿಲ್ಲ. ಫ್ಯಾನ್ ಜೋರಾಗಿ ತಿರುಗಿದರೂ ಹೊರಗೆ ಬರುವ ಗಾಳಿ ಉಗುರುಬೆಚ್ಚಗಷ್ಟೇ ಇದೆ. ಹೀಟ್‌ಪೈಪ್ (ಹೀಟ್‌ಸಿಂಕಿನಲ್ಲಿ ಶಾಖ ಒಯ್ಯುವ ಕೊಳವೆ) ಕೆಟ್ಟಿದ್ದರೂ ಹೀಗಾಗಬಹುದು, ಅದನ್ನೂ ನೋಡಿದ್ದೇವೆ: ಹೀಟ್‌ಸಿಂಕ್ ಬಿಚ್ಚಿ ಪೈಪಿನ ಒಂದು ತುದಿಯನ್ನು ಬಿಸಿನೀರಿನಲ್ಲಿ ಹಿಡಿದರೆ ಇನ್ನೊಂದು ತುದಿ ಕ್ಷಣದಲ್ಲಿ ಬಿಸಿಯಾಗುತ್ತದೆ. ಪೈಪ್ ಚೆನ್ನಾಗಿದೆ.

ಬ್ಯಾಟರಿ ಕನೆಕ್ಟರ್ ಕಳಚಿ, ಹೀಟ್‌ಸಿಂಕ್ ಎತ್ತಿ ನೋಡಿದಾಗ ಕಂಡದ್ದನ್ನು ಫೋಟೊಗಳಲ್ಲಿ ಲಗತ್ತಿಸಿದ್ದೇವೆ. ಪ್ರೊಸೆಸರ್ ಚಿಪ್‌ನ ಒಂದು ಅಂಚಿನಲ್ಲಿ ಮಾತ್ರ ಪೇಸ್ಟ್ ಒತ್ತಿ ತೆಳುವಾಗಿದೆ. ಎದುರಿನ ಅಂಚಿನಲ್ಲಿ ಹಚ್ಚಿದ್ದು ಹಚ್ಚಿದ ಹಾಗೇ ದಪ್ಪಗೆ ನಿಂತಿದೆ, ತಾಮ್ರದ ತಟ್ಟೆ ಅದನ್ನು ಮುಟ್ಟಿದ ಗುರುತೂ ಇಲ್ಲ. ಕಾರಣ ಪಕ್ಕದಲ್ಲೇ ಇದೆ. ವೋಲ್ಟೇಜ್ ನಿಯಂತ್ರಿಸುವ ಬಿಡಿಭಾಗಗಳ ಮೇಲೆ ತಮ್ಮದೇ ಸರ್ವಿಸ್ ಮ್ಯಾನ್ಯುಯಲ್ ಪ್ರಕಾರ 0.5 ಮಿ.ಮೀ. ಪ್ಯಾಡ್ ಇರಬೇಕು, ಹಾಕಿರುವುದು 1.5 ಮಿ.ಮೀ. ಈ ಹೆಚ್ಚಿನ 1 ಮಿ.ಮೀ. ಹೀಟ್‌ಸಿಂಕನ್ನು ಆ ಬದಿಯಲ್ಲಿ ಎತ್ತಿ ಹಿಡಿದಿದೆ. ಪೇಸ್ಟಿನ ಕೆಲಸ ಚಿಪ್ ಮತ್ತು ತಾಮ್ರದ ತಟ್ಟೆಯ ಮೈಗಳ ನಡುವಿನ ಸಣ್ಣ ಸಣ್ಣ ಸಂದುಗಳನ್ನು ತುಂಬುವುದು. ದಪ್ಪನೆಯ ಪದರವಾಗಿ ನಿಂತರೆ ಅದೇ ಶಾಖಕ್ಕೆ ಅಡ್ಡ. ಇಲ್ಲಿ ಎಷ್ಟು ದುಬಾರಿ ಪೇಸ್ಟ್ ಹಾಕಿದರೂ ಪ್ರಯೋಜನವಿಲ್ಲ. ಕೂಲಿಂಗ್ ಪ್ಯಾಡ್ (ಲ್ಯಾಪ್‌ಟಾಪ್ ಕೆಳಗಿಡುವ ಫ್ಯಾನ್ ಇರುವ ಸ್ಟ್ಯಾಂಡ್) ಕೊಳ್ಳಿ ಎಂದು ಕೌಂಟರಿನಲ್ಲಿ ಕೊಟ್ಟ ಸಲಹೆಯೂ ವ್ಯರ್ಥ.

ಇನ್ನು ಧೂಳು. ಫ್ಯಾನಿಗೂ ಹೀಟ್‌ಸಿಂಕಿನ ತಾಮ್ರದ ರೆಕ್ಕೆಗಳಿಗೂ ನಡುವೆ ಕಂಬಳಿ ತುಂಡಿನ ಹಾಗೆ ಧೂಳು ಒತ್ತಿಕೊಂಡು ಕೂತಿದೆ. ಹೊರಗಿನ ಕಿಂಡಿಯಿಂದ ಬ್ಲೋವರ್ ಹಿಡಿದರೆ ಅದು ಈಚೆ ಬರುವುದಿಲ್ಲ. ಫ್ಯಾನಿನ ಮುಚ್ಚಳ ಬಿಚ್ಚಿ ಕೈಯಿಂದಲೇ ತೆಗೆಯಬೇಕು. ಮುಚ್ಚಳದ ಸ್ಕ್ರೂಗಳ ಮೇಲಿನ ಹಳೆಯ ಧೂಳು ಕೂಡ ಅಲುಗಿಲ್ಲ, ಹಾಗಾಗಿ ಬಿಚ್ಚಿಯೇ ಇಲ್ಲ ಎಂಬುದು ಸ್ಪಷ್ಟ. ಬ್ಲೋವರ್ ಗಾಳಿಗೆ ಫ್ಯಾನ್ ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ, ಎಲೆಗಳನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು. ಸರ್ವಿಸ್‌ಗೆ ಮೊದಲು ಇರದಿದ್ದ ಕಿರ್ ಎಂಬ ಸದ್ದು ಈಗ ಕೇಳುತ್ತಿದೆ.

ಆದ್ದರಿಂದ ಈ ಕೆಲಸವನ್ನು ಹೆಚ್ಚುವರಿ ಶುಲ್ಕವಿಲ್ಲದೆ ಮತ್ತೆ ಮಾಡಿಕೊಡಬೇಕು. ಹಳೆಯ ಪೇಸ್ಟನ್ನು 90 ಪರ್ಸೆಂಟ್‌ಗಿಂತ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಎಳೆ ಬಿಡದ ಬಟ್ಟೆಯಿಂದ ಪೂರ್ತಿ ಒರೆಸಿ, ಚಿಪ್‌ನ ಇಡೀ ಮೈ ಮುಚ್ಚುವಂತೆ ತೆಳುವಾಗಿ ಹೊಸ ಪೇಸ್ಟ್ ಹಚ್ಚಬೇಕು. ಪ್ಯಾಡ್‌ಗಳು ಮ್ಯಾನ್ಯುಯಲ್‌ನಲ್ಲಿರುವ ದಪ್ಪದವೇ ಆಗಿರಲಿ. ಹೀಟ್‌ಸಿಂಕಿನ ಸ್ಕ್ರೂಗಳನ್ನು ಅದರ ಮೇಲೆ ಅಚ್ಚಾಗಿರುವ 1, 2, 3, 4 ಕ್ರಮದಲ್ಲಿ, ಒಂದೇ ಸಲಕ್ಕೆ ಬಿಗಿಯದೆ ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದು ಮೂಲೆಯನ್ನು ಮೊದಲೇ ಪೂರ್ತಿ ಬಿಗಿದರೆ ತಟ್ಟೆ ವಾಲಿ ಕೂರುತ್ತದೆ, ಚಿಪ್‌ನ ಅಂಚು ಒಡೆಯುವ ಅಪಾಯವೂ ಇದೆ. ರೆಕ್ಕೆಗಳ ಧೂಳು ತೆಗೆಯಬೇಕು, ಫ್ಯಾನ್ ಬದಲಿಸಬೇಕು. ಇಷ್ಟು ಕಾಲ ಶಾಖ ತಿಂದಿರುವ ಬ್ಯಾಟರಿ ಉಬ್ಬಿದೆಯೇ ಎಂದೂ ನೋಡಿ.

ಆಮೇಲೆ 30 ನಿಮಿಷ ಪೂರ್ತಿ ಲೋಡ್ ಹಾಕಿ, ಕೋಣೆಯ ಉಷ್ಣತೆ, ಪ್ರೊಸೆಸರ್‌ನ ಉಷ್ಣತೆ, ವೇಗ ಮತ್ತು ಫ್ಯಾನಿನ ಸುತ್ತುಗಳನ್ನು ದಾಖಲಿಸಿದ ವರದಿ ಕೊಡಬೇಕು. ಪವರ್ ಆಪ್ಷನ್ಸ್ 100ರಲ್ಲೇ ಇರಬೇಕು. ವೇಗ 2.4 ಗಿಗಾಹರ್ಟ್ಸ್‌ಗಿಂತ ಕೆಳಗಿಳಿಯದೆ ಉಷ್ಣತೆ 90ರೊಳಗೆ ನಿಂತರೆ ಕೆಲಸ ಸರಿಯಾಗಿದೆ ಎಂದು ಒಪ್ಪಿಕೊಳ್ಳುತ್ತೇವೆ. ಹೀಗೆ ಮಾಡಿಕೊಡಲು ಸಾಧ್ಯವಿಲ್ಲದಿದ್ದರೆ ಬಿಲ್ಲಿನ ಪೂರ್ತಿ ಹಣ ಮರಳಿಸಿ.

ಮದರ್‌ಬೋರ್ಡ್ ಕೆಟ್ಟಿದೆ ಎಂದು ಯಾವ ಪರೀಕ್ಷೆಯಿಂದ ತೀರ್ಮಾನಿಸಿದರು ಎಂಬುದಕ್ಕೆ ಪ್ರತ್ಯೇಕ ವಿವರಣೆ ಬೇಕು. ಹಳೆಯ ಯಂತ್ರ ಎಂಬ ಒಂದೇ ಕಾರಣಕ್ಕೆ ಈ ಮಾತು ಹೇಳಿದ್ದರೆ, ಇದನ್ನು ನಂಬಿ ಚೆನ್ನಾಗಿರುವ ಯಂತ್ರವನ್ನು ಗುಜರಿಗೆ ಹಾಕುವ ಇತರ ಗ್ರಾಹಕರಿಗೂ ಅನ್ಯಾಯವಾಗುತ್ತದೆ. 15 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕಾಗಿ ಕೋರುತ್ತೇವೆ. ಉತ್ತರ ಬಾರದಿದ್ದರೆ ಇದೇ ದಾಖಲೆಗಳೊಂದಿಗೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ.

ಇಂತಿ,
ತಮ್ಮ ಗ್ರಾಹಕರು

ಲಗತ್ತು: ಬಿಲ್ಲಿನ ಪ್ರತಿ, ಉಷ್ಣತೆಯ ದಾಖಲೆ, ಪೇಸ್ಟ್, ಪ್ಯಾಡ್ ಮತ್ತು ಧೂಳಿನ ಫೋಟೊಗಳು